ಶಿಕ್ಷೆಯನ್ನು ಶಿಕ್ಷಣವಾಗಿ ಸ್ವೀಕರಿಸಿದ ಸಂತ ಇಗ್ನೇಷಿಯಸ್

ಪ್ರತಿವರ್ಷ ಜುಲೈ 31ರಂದು ಧರ್ಮಸಭೆಯು ಲೊಯೋಲಾದ ಸಂತ ಇಗ್ನೇಷಿಯಸರ ಹಬ್ಬವನ್ನು ಆಚರಿಸುತ್ತದೆ. ನಮ್ಮ ಕರಾವಳಿಯ ಅನೇಕ ಕ್ರೈಸ್ತ ಕುಟುಂಬಗಳಲ್ಲಿ ಅಜ್ಜನಿಗೋ ಚಿಕ್ಕಪ್ಪನಿಗೋ ಇಗ್ನೇಷಿಯಸ್ ಅಥವಾ ಇನಾಸ್ ಎಂಬ ಹೆಸರಿರುವುದುಂಟು. ಅವರನ್ನು ಯೇಸುಸಭೆಯ ಸ್ಥಾಪಕರೆಂದೂ ಸಂತ ಫ್ರಾನ್ಸಿಸ್ ಕ್ಸೇವಿಯರರ ಆತ್ಮೀಯರೆಂದೂ ನಾವೆಲ್ಲ ಬಲ್ಲೆವು. ಆದರೆ ದೇವರು ತಮ್ಮ ಮಕ್ಕಳನ್ನು ಹೇಗೆ ತಿದ್ದುತ್ತಾರೆ, ಆ ತಿದ್ದುವಿಕೆಗೆ ನಾವು ಕೃತಜ್ಞರಾಗಿರುವುದು ಹೇಗೆ ಎಂಬುದನ್ನೂ ಅವರ ಬಾಳಿನಿಂದ ಕಲಿಯಬಹುದೆಂದು ನಮಗೆ ಅಷ್ಟಾಗಿ ಹೊಳೆಯುವುದಿಲ್ಲ.

ಶಿಕ್ಷೆ, ಶಿಕ್ಷಣ, ಶಿಕ್ಷಕ ಈ ಮೂರೂ ಪದಗಳ ಮೂಲ ಒಂದೇ. ಕಲಿಯುವುದು, ಕಲಿಸುವುದು ಎಂಬುದೇ ಅದರ ಅರ್ಥ. ಕಾಲಕ್ರಮದಲ್ಲಿ ನಾವು ಶಿಕ್ಷೆಯೆಂದರೆ ಕೇವಲ ದಂಡನೆಯೆಂದು ತಿಳಿದೆವು. ಮನೆಯಲ್ಲಿ ದೊಡ್ಡ ಕಾಯಿಲೆ ಕಾಣಿಸಿಕೊಂಡಾಗ, ನೌಕರಿ ಹೋದಾಗ, ಮಗಳ ಸಂಬಂಧ ಮುರಿದುಬಿದ್ದಾಗ, ಯಾವ ಪಾಪಕ್ಕಾಗಿ ದೇವರು ಈ ಶಿಕ್ಷೆ ಕೊಟ್ಟರು ಎಂಬ ಪ್ರಶ್ನೆಯೇ ನಮ್ಮ ಮನಸ್ಸಿನಲ್ಲಿ ಮೊದಲು ಏಳುತ್ತದೆ. ಹಿಬ್ರಿಯರಿಗೆ ಬರೆದ ಪತ್ರದ 12ನೆಯ ಅಧ್ಯಾಯವು ಈ ವಿಷಯವನ್ನು ಬೇರೆ ಬೆಳಕಿನಲ್ಲಿ ತೋರಿಸುತ್ತದೆ. ಅಲ್ಲಿ ಕಾಣುವುದು ನ್ಯಾಯಾಲಯವಲ್ಲ, ಮನೆ. ತಂದೆಯು ತನ್ನ ಮಗುವನ್ನು ತಿದ್ದುತ್ತಾನೆ. ಆ ಹೊತ್ತಿಗೆ ಅದು ದುಃಖಕರ. ಪಳಗಿದ ಮೇಲೆ ಶಾಂತಿಯ ಫಲ ದೊರೆಯುತ್ತದೆ. ಈ ಬೋಧನೆಯ ತಾತ್ಪರ್ಯವನ್ನು ಒಬ್ಬ ಮನುಷ್ಯನ ಬಾಳಿನಲ್ಲಿ ಕಾಣಬೇಕಾದರೆ ನಾವು ಸಂತ ಇಗ್ನೇಷಿಯಸರ ಬಳಿಗೆ ಹೋಗಬೇಕು.

ಫಿರಂಗಿಯ ಗುಂಡು

ಅವರು ಹುಟ್ಟಿದ್ದು 1491ರಲ್ಲಿ, ಸ್ಪೇನಿನ ಉತ್ತರ ಭಾಗದ ಬಾಸ್ಕ್ ನಾಡಿನ ಲೊಯೋಲಾ ಎಂಬ ಕೋಟೆಮನೆಯಲ್ಲಿ. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಇನ್ಯಿಗೊ. ತುಂಬಿದ ಮನೆಯ ಕಿರಿಯ ಮಗ. ಹದಿಹರೆಯದಲ್ಲೇ ರಾಜ್ಯದ ಖಜಾನೆಯ ಅಧಿಕಾರಿಯೊಬ್ಬರ ಆಶ್ರಯಕ್ಕೆ ಹೋಗಿ, ಅರಮನೆಯ ರೀತಿನೀತಿಗಳ ನಡುವೆ ಬೆಳೆದರು. ಒಳ್ಳೆಯ ಉಡುಪು, ಕತ್ತಿವರಸೆ, ಸುಂದರವಾದ ಕೈಬರಹ, ಹೆಂಗಳೆಯರ ಮೆಚ್ಚುಗೆ, ಜಗಳಕ್ಕೆ ಸದಾ ಸಿದ್ಧವಾದ ಸ್ವಭಾವ ಇವೆಲ್ಲ ಅವರಲ್ಲಿದ್ದವು. 1515ರಲ್ಲಿ ಹುಟ್ಟೂರಿನಲ್ಲೇ ನಡೆದ ಹೊಡೆದಾಟವೊಂದರ ಸಂಬಂಧ ಅವರ ಮೇಲೆ ಮೊಕದ್ದಮೆಯೂ ಹೂಡಲ್ಪಟ್ಟಿತ್ತು. ವಿಶ್ವಾಸವನ್ನು ಬಿಟ್ಟವರಲ್ಲ, ಆದರೆ ಅದಕ್ಕೆ ತಕ್ಕಂತೆ ಬದುಕಿದವರೂ ಅಲ್ಲ.

1521ರ ಮೇ 20. ಪಾಂಪ್ಲೋನಾ ನಗರದ ಕೋಟೆಯನ್ನು ಫ್ರೆಂಚ್ ಸೇನೆ ಮುತ್ತಿತ್ತು. ಶರಣಾಗುವುದೇ ಲೇಸೆಂದು ಉಳಿದವರು ಹೇಳಿದರೂ ಇನ್ಯಿಗೊ ಹೋರಾಟವನ್ನೇ ಪಟ್ಟುಹಿಡಿದರು. ಫಿರಂಗಿಯ ಗುಂಡೊಂದು ಅವರ ಒಂದು ಕಾಲಿನ ಮೂಳೆಯನ್ನು ಪುಡಿಮಾಡಿತು. ಇನ್ನೊಂದು ಕಾಲಿಗೂ ಗಾಯವಾಯಿತು. ಅವರು ಬಿದ್ದೊಡನೆ ಕೋಟೆಯೂ ಶತ್ರುಗಳ ವಶವಾಯಿತು. ಗೆದ್ದ ಫ್ರೆಂಚರು ಅವರನ್ನು ಸೌಜನ್ಯದಿಂದ ನಡೆಸಿಕೊಂಡು ಚಿಕಿತ್ಸೆ ಮಾಡಿಸಿ, ಡೋಲಿಯಲ್ಲಿ ಲೊಯೋಲಾಕ್ಕೆ ಕಳುಹಿಸಿಕೊಟ್ಟರು.

ಮನೆಯಲ್ಲಿ ವೈದ್ಯರು ಮೂಳೆ ಸರಿಯಾಗಿ ಕೂಡಿಲ್ಲವೆಂದು ಮತ್ತೆ ಮುರಿದು ಜೋಡಿಸಿದರು. ನೋವು ತಿಳಿಯದಂತೆ ಮಾಡುವ ಔಷಧಿಯಿಲ್ಲದ ಕಾಲವದು. ಸ್ಥಿತಿ ವಿಷಮಿಸಿ ಅಂತ್ಯ ಸಂಸ್ಕಾರಗಳನ್ನೂ ಪಡೆದರು. ಸಂತ ಪೇತ್ರ ಮತ್ತು ಪೌಲರ ಹಬ್ಬದ ಮುನ್ನಾದಿನದಿಂದ ಚೇತರಿಕೆ ಆರಂಭವಾಯಿತು. ಆದರೆ ಮೊಣಕಾಲಿನ ಕೆಳಗೆ ಮೂಳೆಯ ತುದಿಯೊಂದು ಗುಬ್ಬಿಯಂತೆ ಉಬ್ಬಿ ನಿಂತಿತ್ತು. ಅರಮನೆಯವರು ಧರಿಸುವ ಬಿಗಿಯಾದ ಬೂಟಿನಲ್ಲಿ ಅದು ಎದ್ದು ಕಾಣುತ್ತದೆಂದು ಇನ್ಯಿಗೊ ಆ ಮೂಳೆಯನ್ನೇ ಗರಗಸದಿಂದ ಕತ್ತರಿಸಲು ಹೇಳಿದರು. ಗಿಡ್ಡವಾದ ಕಾಲನ್ನು ಉದ್ದ ಮಾಡಲು ಭಾರ ಕಟ್ಟಿ ಎಳೆಸಿಕೊಂಡರು. ಇಷ್ಟು ನೋವುಂಡರೂ ಅವರ ಕಾಲು ಜೀವನಪರ್ಯಂತ ಕುಂಟಾಗಿಯೇ ಉಳಿಯಿತು.

ಇಲ್ಲಿ ನಾವು ಒಂದು ಕ್ಷಣ ನಿಂತು ಯೋಚಿಸಬೇಕು. ಗುಂಡು ಬಿದ್ದ ಮಾತ್ರಕ್ಕೆ ಇನ್ಯಿಗೊ ಬದಲಾಗಲಿಲ್ಲ. ಕಷ್ಟ ಬಂದವರೆಲ್ಲ ತಾನಾಗಿ ಪರಿವರ್ತನೆ ಹೊಂದುತ್ತಾರೆಂಬುದು ನಿಜವಲ್ಲ. ಹಾಸಿಗೆ ಹಿಡಿದ ಮೇಲೂ ಅವರ ಚಿಂತೆ ಬೂಟಿನದೇ ಆಗಿತ್ತು. ಕಾಲಹರಣಕ್ಕಾಗಿ ವೀರರ ಪ್ರಣಯಕಥೆಗಳನ್ನು ಕೇಳಿದರು. ಆ ಮನೆಯಲ್ಲಿ ಅಂಥವು ಸಿಗಲಿಲ್ಲ. ಸಿಕ್ಕಿದ್ದು ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳ ಸಂಗ್ರಹ. ಬೇರೆ ದಾರಿಯಿಲ್ಲದೆ ಅವನ್ನೇ ಓದಿದರು. ಓದುತ್ತ ಓದುತ್ತ ಒಂದು ಸೂಕ್ಷ್ಮ ಅವರಿಗೆ ಗೋಚರಿಸಿತು. ಒಬ್ಬ ಉನ್ನತ ಕುಲದ ಸ್ತ್ರೀಯ ಸೇವೆಯಲ್ಲಿ ತಾನು ಮಾಡಬಹುದಾದ ಸಾಹಸಗಳನ್ನು ಕಲ್ಪಿಸಿಕೊಂಡಾಗ ಆ ಹೊತ್ತಿಗೆ ಸಂತೋಷ. ಬಳಿಕ ಮನಸ್ಸು ಬರಿದು. ಸಂತ ಫ್ರಾನ್ಸಿಸ್, ಸಂತ ದೊಮಿನಿಕ್ ಇವರಂತೆ ಬದುಕಬೇಕೆಂದು ಯೋಚಿಸಿದಾಗಲೂ ಸಂತೋಷ. ಆದರೆ ಆ ಸಂತೋಷ ಬಳಿಕವೂ ಉಳಿಯುತ್ತಿತ್ತು. ಒಂದು ವಿಚಾರ ತನ್ನ ಹಿಂದೆ ಏನನ್ನು ಬಿಟ್ಟುಹೋಗುತ್ತದೆ ಎಂಬುದರಿಂದ ಅದು ಎಲ್ಲಿಂದ ಬಂತೆಂದು ತಿಳಿಯಬಹುದೆಂದು ಅವರು ಕಂಡುಕೊಂಡರು. ದೇವರ ಪಾಠಶಾಲೆಯಲ್ಲಿ ಅವರು ಕಲಿತ ಮೊದಲ ಅಕ್ಷರ ಇದು. ಓಡಾಡಲಾಗದ ಕಾಲೇ ಅವರನ್ನು ಆ ಶಾಲೆಯಲ್ಲಿ ಕೂರಿಸಿತು.

ಮನ್ರೇಸಾದ ಪಾಠ

1522ರ ಮಾರ್ಚ್ ತಿಂಗಳಲ್ಲಿ ಅವರು ಮೊಂತ್ಸೆರಾತ್ ಬೆಟ್ಟದ ದೇವಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿ, ಮೂರು ದಿನ ಪಾಪನಿವೇದನೆ ಮಾಡಿ, ಕತ್ತಿಯನ್ನು ಅಲ್ಲಿಯೇ ಬಿಟ್ಟು, ಬೆಲೆಬಾಳುವ ಉಡುಪನ್ನು ಭಿಕ್ಷುಕನಿಗಿತ್ತರು. ಅದನ್ನು ಕದ್ದನೆಂದು ಜನ ಆ ಭಿಕ್ಷುಕನನ್ನು ಹಿಡಿದ ಸುದ್ದಿ ಕೇಳಿ ಕಣ್ಣೀರಿಟ್ಟರು. ಒಳ್ಳೆಯ ಉದ್ದೇಶದ ದಾನವೂ ವಿವೇಚನೆಯಿಲ್ಲದಿದ್ದರೆ ಬಡವನಿಗೆ ತೊಂದರೆ ತರುತ್ತದೆಂದು ಅಂದು ಅರಿತರು.

ಅಲ್ಲಿಂದ ಮುಂದೆ ಮನ್ರೇಸಾ ಎಂಬ ಸಣ್ಣ ಪಟ್ಟಣದಲ್ಲಿ ಸುಮಾರು ಹತ್ತು ತಿಂಗಳು ಕಳೆದರು. ದಿನಕ್ಕೆ ಏಳು ತಾಸು ಮಂಡಿಯೂರಿ ಪ್ರಾರ್ಥನೆ, ಕಠಿಣ ಉಪವಾಸ, ಭಿಕ್ಷಾನ್ನ. ಹಿಂದೆ ಕೂದಲ ಅಂದಕ್ಕೆ ಗಮನ ಕೊಡುತ್ತಿದ್ದವರು ಈಗ ಕೂದಲು, ಉಗುರುಗಳನ್ನು ಕತ್ತರಿಸದೆ ಬಿಟ್ಟರು. ತಮ್ಮನ್ನು ತಾವೇ ದಂಡಿಸಿಕೊಳ್ಳುವುದರಲ್ಲಿ ಯಾವ ಸಂತನಿಗೂ ಹಿಂದೆ ಬೀಳಬಾರದೆಂಬ ಹಠ ಅದು. ಹಿಂದಿನ ಸೈನಿಕನ ಕೀರ್ತಿಯಾಸೆಯೇ ವೇಷ ಬದಲಿಸಿಕೊಂಡು ಬಂದಿತ್ತು.

ಈ ಹಠದ ಫಲ ಶಾಂತಿಯಾಗಲಿಲ್ಲ. ನಿವೇದಿಸಿದ ಪಾಪಗಳೇ ಮತ್ತೆ ಮತ್ತೆ ನೆನಪಾಗಿ, ಯಾವುದನ್ನೋ ಹೇಳದೆ ಬಿಟ್ಟೆನೆಂಬ ಸಂಶಯ ಅವರನ್ನು ಹಗಲಿರುಳೂ ಕಾಡಿತು. ಎಷ್ಟು ಬಾರಿ ಪಾಪನಿವೇದನೆ ಮಾಡಿದರೂ ಸಮಾಧಾನವಿಲ್ಲ. ತಮ್ಮ ಕೋಣೆಯಲ್ಲಿದ್ದ ದೊಡ್ಡ ರಂಧ್ರದಿಂದ ಕೆಳಕ್ಕೆ ಹಾರಿ ಪ್ರಾಣಬಿಡುವ ಆಲೋಚನೆಯೂ ಬಂತು. ದೇವರು ಸಮಾಧಾನ ಕೊಡುವ ತನಕ ಉಣ್ಣುವುದಿಲ್ಲವೆಂದು ಒಂದು ವಾರ ಏನನ್ನೂ ತಿನ್ನಲಿಲ್ಲ. ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳು ಕೂಡಲೇ ಊಟ ಮಾಡಬೇಕೆಂದು ಆಜ್ಞಾಪಿಸಿದಾಗ ವಿಧೇಯರಾಗಿ ಉಂಡರು. ಸಂಶಯ ಮತ್ತೆ ಮರಳಿತಾದರೂ, ಈ ವಿಚಾರಗಳು ತನ್ನನ್ನು ಎಲ್ಲಿಗೆ ಒಯ್ಯುತ್ತಿವೆ ಎಂದು ಲೊಯೋಲಾದ ಹಾಸಿಗೆಯಲ್ಲಿ ಕಲಿತ ಪಾಠದಂತೆ ಪರೀಕ್ಷಿಸಿ ನೋಡಿದರು. ಅವು ಒಯ್ಯುತ್ತಿದ್ದುದು ನಿರಾಶೆಗೆ. ಆದುದರಿಂದ ಅವು ದೇವರಿಂದ ಬಂದವಲ್ಲವೆಂದು ತಿಳಿದು, ಹಳೆಯ ಪಾಪಗಳನ್ನು ಮತ್ತೆ ಕೆದಕುವುದನ್ನು ನಿಲ್ಲಿಸಿದರು. ಮನಸ್ಸು ಬಿಡುಗಡೆ ಹೊಂದಿತು. ಕೂದಲು, ಉಗುರುಗಳನ್ನು ಕತ್ತರಿಸಿಕೊಂಡರು.

ವರ್ಷಗಳ ಬಳಿಕ ತಮ್ಮ ಜೀವನವೃತ್ತಾಂತವನ್ನು ಸಹೋದರ ಗುರುಗಳೊಬ್ಬರಿಗೆ ಹೇಳುವಾಗ, ಆ ದಿನಗಳಲ್ಲಿ ದೇವರು ತಮ್ಮನ್ನು ಶಾಲಾ ಮಾಸ್ತರರು ಸಣ್ಣ ಹುಡುಗನಿಗೆ ಕಲಿಸುವಂತೆ ನಡೆಸಿಕೊಂಡರೆಂದು ಅವರು ಸ್ಮರಿಸಿದರು. ಮಾಸ್ತರರು ತೋರಿಸಿಕೊಡುವುದು ಹುಡುಗ ಕಲಿಯಲೆಂದು, ಅವನು ಹತಾಶನಾಗಲೆಂದಲ್ಲ. ಇಗ್ನೇಷಿಯಸರು ತಮ್ಮ ಮೇಲೆ ತಾವೇ ಹೇರಿಕೊಂಡ ದಂಡನೆ ಅವರನ್ನು ಆತ್ಮಹತ್ಯೆಯ ಅಂಚಿಗೆ ತಂದಿತು; ದೇವರು ಕೊಟ್ಟ ಶಿಕ್ಷಣ ಅವರನ್ನು ಊಟದ ಮೇಜಿಗೆ ಮರಳಿ ತಂದಿತು. ಈ ಎರಡರ ನಡುವಣ ಅಂತರವನ್ನು ನಮ್ಮ ಕುಟುಂಬಗಳು ಮನಗಾಣಬೇಕು. ಮನಸ್ಸನ್ನು ಜಜ್ಜಿ, ಆಶೆಯನ್ನೇ ನಂದಿಸುವ ಧ್ವನಿ ಎಷ್ಟೇ ಭಕ್ತಿಯ ಮಾತನಾಡಿದರೂ ಅದು ತಂದೆಯ ಧ್ವನಿಯಲ್ಲ.

ಈ ಪಾಠವನ್ನು ಅವರು ಇತರರಿಗೂ ದಾಟಿಸಿದರು. 1548ರಲ್ಲಿ ಗಾಂದಿಯಾದ ಡ್ಯೂಕರಾಗಿದ್ದ ಸಂತ ಫ್ರಾನ್ಸಿಸ್ ಬೋರ್ಜಿಯಾ ಅವರು ಅತಿಯಾದ ದೇಹದಂಡನೆ ಮಾಡುತ್ತಿರುವುದನ್ನು ತಿಳಿದು, ಉಪವಾಸವನ್ನು ಕಡಿಮೆ ಮಾಡಿ ದೇಹದ ಆರೋಗ್ಯ ಕಾಪಾಡಿಕೊಳ್ಳಬೇಕೆಂದೂ, ದೇಹವೂ ದೇವರದೇ ಕೊಡುಗೆಯೆಂದೂ ಬರೆದು ತಿಳಿಸಿದರು.

ಮುಚ್ಚಿದ ಬಾಗಿಲುಗಳು

1523ರಲ್ಲಿ ಇಗ್ನೇಷಿಯಸರು ಜೆರುಸಲೇಮಿಗೆ ಯಾತ್ರೆ ಹೋದರು. ಕ್ರಿಸ್ತರು ನಡೆದಾಡಿದ ನೆಲದಲ್ಲೇ ಉಳಿದು ಆತ್ಮಗಳ ಸೇವೆ ಮಾಡಬೇಕೆಂಬುದು ಅವರ ದೃಢಸಂಕಲ್ಪ. ಆದರೆ ಪುಣ್ಯಕ್ಷೇತ್ರಗಳ ಹೊಣೆ ಹೊತ್ತಿದ್ದ ಫ್ರಾನ್ಸಿಸ್ಕನ್ ಸಭೆಯ ಮುಖ್ಯಸ್ಥರು, ಅಲ್ಲಿ ಉಳಿದ ಯಾತ್ರಿಕರು ಕೊಲೆಗೀಡಾಗುವ, ಸೆರೆಸಿಕ್ಕುವ ಅಪಾಯವನ್ನು ನೆನೆದು, ಮರಳಬೇಕೆಂದು ಆಜ್ಞಾಪಿಸಿದರು. ಇಗ್ನೇಷಿಯಸರ ಕನಸು ಅಲ್ಲಿಗೆ ಮುರಿಯಿತು. ಅವರು ವಾದಿಸಿದರಾದರೂ, ಧರ್ಮಸಭೆಯ ಅಧಿಕಾರದಿಂದ ಆಜ್ಞೆ ಬಂದಾಗ ತಲೆಬಾಗಿದರು.

ಮರಳಿ ಬಂದವರು ಆತ್ಮಗಳಿಗೆ ನೆರವಾಗಲು ವಿದ್ಯೆ ಬೇಕೆಂದು ತೀರ್ಮಾನಿಸಿ, 33ರ ವಯಸ್ಸಿನಲ್ಲಿ ಬಾರ್ಸೆಲೋನಾದಲ್ಲಿ ಸಣ್ಣ ಹುಡುಗರ ಜೊತೆ ಕುಳಿತು ಲತೀನ್ ವ್ಯಾಕರಣ ಕಲಿಯತೊಡಗಿದರು. ಕ್ರಿಯಾಪದಗಳನ್ನು ಬಾಯಿಪಾಠ ಮಾಡಲು ಹೊರಟರೆ ಸಾಕು, ಆಧ್ಯಾತ್ಮಿಕ ಚಿಂತನೆಗಳು ಉಕ್ಕಿಬರುತ್ತಿದ್ದವು. ಪ್ರಾರ್ಥನೆಯಲ್ಲಿ ಬಾರದ ಇಂಥ ಸವಿ ಪಾಠದ ಹೊತ್ತಿಗೇ ಏಕೆ ಬರಬೇಕೆಂದು ವಿಚಾರಿಸಿ, ಇದೂ ಮೋಸವೇ ಎಂದು ಅರಿತರು. ಉಪಾಧ್ಯಾಯರ ಬಳಿ ಹೋಗಿ, ಎರಡು ವರ್ಷ ತಪ್ಪದೆ ಪಾಠಕ್ಕೆ ಕೂರುವುದಾಗಿ ಮಾತುಕೊಟ್ಟರು. ತಪ್ಪಿದಲ್ಲಿ ಉಳಿದ ಹುಡುಗರಂತೆ ತಮ್ಮನ್ನೂ ಶಿಕ್ಷಿಸಬೇಕೆಂದು ಬೇಡಿಕೊಂಡರೆಂದು ಅವರ ಮೊದಲ ಚರಿತ್ರಕಾರರು ಹೇಳುತ್ತಾರೆ.

ಅಲ್ಕಲಾ ನಗರದಲ್ಲಿ ಅವರ ಬೋಧನೆಯ ಮೇಲೆ ಸಂಶಯಪಟ್ಟು 42 ದಿನ ಸೆರೆಯಲ್ಲಿಟ್ಟರು. ಸಾಲಮಾಂಕಾದಲ್ಲಿ 22 ದಿನ. ಎರಡೂ ಕಡೆ ಬೋಧನೆಯಲ್ಲಿ ದೋಷ ಕಾಣಲಿಲ್ಲ; ಆದರೂ ಹೆಚ್ಚಿನ ವಿದ್ಯಾಭ್ಯಾಸವಿಲ್ಲದೆ ಕೆಲವು ವಿಷಯಗಳನ್ನು ಬೋಧಿಸಕೂಡದೆಂದು ತಡೆದರು. ಈ ತಡೆಯೇ ಅವರನ್ನು 1528ರಲ್ಲಿ ಪ್ಯಾರಿಸ್ ವಿಶ್ವವಿದ್ಯಾನಿಲಯಕ್ಕೆ ಕರೆತಂದಿತು. ಅಲ್ಲಿಯ ಸಂತ ಬಾರ್ಬರಾ ವಿದ್ಯಾಲಯದಲ್ಲಿ ಪೀಟರ್ ಫೇಬರ್ ಮತ್ತು ಫ್ರಾನ್ಸಿಸ್ ಕ್ಸೇವಿಯರ್ ಅವರ ಕೋಣೆಯ ಸಂಗಾತಿಗಳಾದರು. ಸ್ಪೇನಿನ ಬಾಗಿಲುಗಳು ಮುಚ್ಚದಿದ್ದರೆ ಈ ಭೇಟಿ ನಡೆಯುತ್ತಿತ್ತೇ?

ಅದೇ ವಿದ್ಯಾಲಯದ ಇನ್ನೊಂದು ಘಟನೆ ಹಳೆಯ ಚರಿತ್ರೆಗಳಲ್ಲಿ ಬರುತ್ತದೆ. ಇಗ್ನೇಷಿಯಸರು ವಿದ್ಯಾರ್ಥಿಗಳನ್ನು ಪ್ರಾರ್ಥನೆಯ ಕಡೆಗೆ ಸೆಳೆದು ಅಭ್ಯಾಸ ಕೆಡಿಸುತ್ತಾರೆಂಬ ದೂರು ಬಂದು, ಮುಖ್ಯಸ್ಥರಾದ ದಿಯೊಗೊ ಗೊವೇಯ ಅವರು ಎಲ್ಲರೆದುರು ಛಡಿಯೇಟಿನ ಶಿಕ್ಷೆ ವಿಧಿಸಲು ನಿರ್ಧರಿಸಿದರು. ಇಗ್ನೇಷಿಯಸರು ಓಡಿಹೋಗಲಿಲ್ಲ. ನೇರವಾಗಿ ಅವರ ಬಳಿಗೆ ಹೋಗಿ, ತಮಗೆ ಏಟು ಬೀಳುವುದರ ಚಿಂತೆಯಿಲ್ಲವೆಂದೂ, ಒಳ್ಳೆಯ ದಾರಿಗೆ ಹೊಸದಾಗಿ ಬಂದ ಯುವಕರು ಇದರಿಂದ ಎದೆಗುಂದುವರೆಂಬುದೇ ತಮ್ಮ ಚಿಂತೆಯೆಂದೂ ತಿಳಿಸಿದರು. ಗೊವೇಯ ಅವರ ಮನಸ್ಸು ಕರಗಿತು. ಅವರು ಇಗ್ನೇಷಿಯಸರ ಕೈಹಿಡಿದು ಸಭಾಂಗಣಕ್ಕೆ ಕರೆತಂದು ಎಲ್ಲರೆದುರು ಕ್ಷಮೆ ಕೇಳಿದರು. ಮುಂದೆ 1538ರಲ್ಲಿ, ಭಾರತದ ಧರ್ಮಪ್ರಚಾರಕ್ಕೆ ಈ ಸಂಗಾತಿಗಳೇ ತಕ್ಕವರೆಂದು ಪೋರ್ಚುಗಲ್ ದೊರೆಗೆ ಸೂಚಿಸಿದವರೂ ಇದೇ ಗೊವೇಯ.

1534ರ ಆಗಸ್ಟ್ 15ರಂದು ಏಳು ಮಂದಿ ಸಂಗಾತಿಗಳು ಪ್ಯಾರಿಸಿನ ಮೊಂಮಾರ್ತ್ ಗುಡ್ಡದಲ್ಲಿ ವ್ರತ ಕೈಗೊಂಡು ಜೆರುಸಲೇಮಿಗೆ ಹೋಗಲು ನಿಶ್ಚಯಿಸಿದರು. ವೆನಿಸಿಗೆ ಬಂದು ಕಾದರೆ, ತುರ್ಕರೊಡನೆ ಯುದ್ಧದ ಕಾರಣ ಹಡಗೇ ಹೊರಡಲಿಲ್ಲ. ಎರಡನೆಯ ಬಾರಿಯೂ ಅದೇ ಬಾಗಿಲು ಮುಚ್ಚಿತು. ಆಗ ಅವರು ರೋಮಿಗೆ ಹೋಗಿ ಜಗದ್ಗುರು ಮೂರನೆಯ ಪೌಲರ ಕೈಯಲ್ಲಿ ತಮ್ಮನ್ನು ಒಪ್ಪಿಸಿಕೊಂಡರು. 1540ರ ಸೆಪ್ಟೆಂಬರ್ 27ರಂದು ಯೇಸುಸಭೆಗೆ ಮಾನ್ಯತೆ ದೊರೆಯಿತು. ಹಡಗು ಹೊರಟಿದ್ದರೆ ಯೇಸುಸಭೆಯ ಚರಿತ್ರೆ ಬೇರೆಯೇ ಆಗುತ್ತಿತ್ತು. ಭಾರತಕ್ಕೆ ನೇಮಕವಾಗಿದ್ದ ಬೊಬದಿಯಾ ಎಂಬ ಗುರುಗಳು ಕಾಯಿಲೆಬಿದ್ದುದರಿಂದ ಅವರ ಸ್ಥಾನದಲ್ಲಿ ಕ್ಸೇವಿಯರರು ಹೊರಟು, 1542ರ ಮೇ 6ರಂದು ಗೋವೆಗೆ ಬಂದಿಳಿದರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳು 1880ರಲ್ಲಿ ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ನಮ್ಮ ಎಷ್ಟೋ ಕುಟುಂಬಗಳಿಗೆ ವಿದ್ಯೆಯ ಬೆಳಕು ಅಲ್ಲಿಂದ ಬಂತು. ಆ ಬೆಳಕಿನ ಬೇರನ್ನು ಹುಡುಕಿ ಹೋದರೆ ಮುರಿದ ಒಂದು ಕಾಲು, ಮುಚ್ಚಿದ ಕೆಲವು ಬಾಗಿಲುಗಳು ನಮಗೆ ಕಾಣಸಿಗುತ್ತವೆ.

ಕಣ್ಣಿಗೆ ಕಾಣದ ಕಲ್ಲುಗಳು

ಇಗ್ನೇಷಿಯಸರು ಬಂದುದನ್ನೆಲ್ಲ ಸುಮ್ಮನೆ ಸಹಿಸಿದವರೆಂದು ತಿಳಿಯಬಾರದು. 1538ರಲ್ಲಿ ರೋಮಿನಲ್ಲಿ ತಮ್ಮ ಮೇಲೂ ಸಂಗಾತಿಗಳ ಮೇಲೂ ಸುಳ್ಳು ಆಪಾದನೆ ಹಬ್ಬಿದಾಗ, ವಿಧಿವತ್ತಾಗಿ ವಿಚಾರಣೆ ನಡೆಸಿ ಲಿಖಿತ ತೀರ್ಪು ಕೊಡಬೇಕೆಂದು ಪಟ್ಟುಹಿಡಿದು ಅದನ್ನು ಪಡೆದರು. ದೇವರ ಶಿಕ್ಷಣವನ್ನು ಸ್ವೀಕರಿಸುವುದೆಂದರೆ ಮನುಷ್ಯರ ಅನ್ಯಾಯಕ್ಕೆ ದೇವರ ಹೆಸರಿಡುವುದಲ್ಲ.

1541ರಿಂದ ಅವರು ಯೇಸುಸಭೆಯ ಮಹಾಶ್ರೇಷ್ಠರಾಗಿ ರೋಮಿನಲ್ಲೇ ಉಳಿದರು. ಯಾತ್ರಿಕನಾಗಿ ಲೋಕ ಸುತ್ತಲು ಬಯಸಿದವರಿಗೆ ಸಣ್ಣ ಕೋಣೆಗಳಲ್ಲಿ ಕುಳಿತು ಸಾವಿರಾರು ಪತ್ರಗಳನ್ನು ಬರೆಯುವ, ಬರೆಸುವ ಕೆಲಸ. ಕ್ಸೇವಿಯರರನ್ನು ಅವರು ಮತ್ತೆ ನೋಡಲೇ ಇಲ್ಲ. 1553ರ ಜೂನ್ ತಿಂಗಳಲ್ಲಿ ಅವರನ್ನು ಯುರೋಪಿಗೆ ಮರಳಿ ಕರೆದು ಪತ್ರ ಬರೆದರು. ಆ ಪತ್ರ ಓದಲು ಕ್ಸೇವಿಯರರು ಇರಲಿಲ್ಲ. ಅವರು 1552ರ ಡಿಸೆಂಬರ್ 3ರಂದೇ ಚೀನದ ಹೊರಗಿನ ದ್ವೀಪದಲ್ಲಿ ತೀರಿಕೊಂಡಿದ್ದರು. 1555ರಲ್ಲಿ, ತಮ್ಮ ಸಭೆಯ ಬಗ್ಗೆ ಅಷ್ಟಾಗಿ ಒಲವಿಲ್ಲದ ಕಾರ್ಡಿನಲರು ನಾಲ್ಕನೆಯ ಪೌಲರಾಗಿ ಜಗದ್ಗುರು ಪೀಠವೇರಿದ ಸುದ್ದಿ ಬಂದಾಗ ಇಗ್ನೇಷಿಯಸರ ಮೈಯೆಲ್ಲ ನಡುಗಿತು. ಅವರು ಪ್ರಾರ್ಥನಾಲಯಕ್ಕೆ ಹೋಗಿ ಸ್ವಲ್ಪ ಹೊತ್ತಿನಲ್ಲಿ ಪ್ರಶಾಂತರಾಗಿ ಹೊರಬಂದರು. ಇಡೀ ಸಭೆಯೇ ಇಲ್ಲವಾದರೂ ಕಾಲು ತಾಸಿನ ಪ್ರಾರ್ಥನೆ ತಮ್ಮನ್ನು ಸಮಾಧಾನಗೊಳಿಸಬಲ್ಲದೆಂದು ಅವರು ನಂಬಿದ್ದರು. ಬೂಟಿನ ಅಂದಕ್ಕಾಗಿ ಮೂಳೆ ಕತ್ತರಿಸಿಕೊಂಡ ವ್ಯಕ್ತಿ ಎಷ್ಟು ದೂರ ಬಂದಿದ್ದರೆಂಬುದನ್ನು ನಾವು ಗಮನಿಸಬೇಕು.

ದೀರ್ಘಕಾಲ ಅವರನ್ನು ಕಾಡಿದ ಉದರಶೂಲೆಯನ್ನು ವೈದ್ಯರು ಹೊಟ್ಟೆಯ ದೋಷವೆಂದೇ ತಿಳಿದಿದ್ದರು. 1556ರ ಜುಲೈ 30ರ ಸಂಜೆ ಜಗದ್ಗುರುಗಳ ಆಶೀರ್ವಾದ ತರಲು ತಮ್ಮ ಕಾರ್ಯದರ್ಶಿಯನ್ನು ಕೇಳಿಕೊಂಡರು. ಅಂದು ರವಾನಿಸಬೇಕಾದ ಪತ್ರಗಳಿದ್ದುದರಿಂದ ನಾಳೆ ಹೋದರಾದೀತೆ ಎಂದು ಅವರು ವಿಚಾರಿಸಿದಾಗ, ಇಂದೇ ಆದರೆ ಒಳ್ಳೆಯದೆಂದರೂ ತೀರ್ಮಾನವನ್ನು ಅವರಿಗೇ ಬಿಟ್ಟರು. ಮರುದಿನ ಮುಂಜಾನೆ, ಆಶೀರ್ವಾದ ಬರುವ ಮೊದಲೇ, ಯಾವ ಆಡಂಬರವೂ ಇಲ್ಲದೆ ಪ್ರಾಣಬಿಟ್ಟರು. ಮರಣೋತ್ತರ ಪರೀಕ್ಷೆ ಮಾಡಿದ ಹೆಸರಾಂತ ವೈದ್ಯ ರೆಯಾಲ್ದೊ ಕೊಲೊಂಬೊ ದೇಹದೊಳಗೆ ಹಲವು ಕಲ್ಲುಗಳನ್ನು ಕಂಡರು. ಅಷ್ಟು ನೋವನ್ನು ಹೊತ್ತು ಅವರು ಹೇಗೆ ಕೆಲಸ ಮಾಡಿದರೆಂಬುದು ಆಶ್ಚರ್ಯವೇ ಸರಿ. 1622ರ ಮಾರ್ಚ್ 12ರಂದು ಕ್ಸೇವಿಯರರೊಡನೆ ಇಗ್ನೇಷಿಯಸರನ್ನೂ ಸಂತ ಪದವಿಗೇರಿಸಲಾಯಿತು.

ನಮ್ಮ ಮನೆಗಳಲ್ಲಿ

ಕೃತಘ್ನತೆಯೇ ಎಲ್ಲ ಪಾಪಗಳ ಮೂಲವೆಂದು ಇಗ್ನೇಷಿಯಸರು 1542ರಲ್ಲಿ ಬರೆದ ಪತ್ರವೊಂದರಲ್ಲಿ ಅಭಿಪ್ರಾಯಪಟ್ಟಿದ್ದಾರೆ. ಅವರು ಕಲಿಸಿದ ಆತ್ಮಪರಿಶೋಧನೆ ಆರಂಭವಾಗುವುದು ಪಾಪಗಳ ಲೆಕ್ಕದಿಂದಲ್ಲ. ಪಡೆದ ವರಗಳಿಗಾಗಿ ದೇವರಿಗೆ ವಂದನೆ ಹೇಳುವುದರಿಂದ. ಮನ್ರೇಸಾದಲ್ಲಿ ಪಾಪಗಳ ಲೆಕ್ಕದಲ್ಲೇ ಮುಳುಗಿ ನಾಶದ ಅಂಚಿಗೆ ಹೋಗಿಬಂದವರು ಹೇಳಿಕೊಟ್ಟ ಕ್ರಮವಿದು. ಮೊದಲು ತಂದೆಯ ಪ್ರೀತಿಯನ್ನು ನೆನೆದವನಿಗೆ ಮಾತ್ರ ತಂದೆಯ ತಿದ್ದುವಿಕೆ ಸಹ್ಯವಾಗುತ್ತದೆ.

ಆದುದರಿಂದ ಪ್ರಿಯ ಓದುಗರೇ, ನಾವು ಕಾಯಿಲೆಯ ಮನೆಗೆ, ಸಾವಿನ ಮನೆಗೆ ಹೋದಾಗ, ಇದು ದೇವರ ಶಿಕ್ಷೆಯೆಂದು ಹೇಳುವ ದುಡುಕು ಬೇಡ. ಪಾಂಪ್ಲೋನಾದ ಗುಂಡು ವರವಾಗಿತ್ತೆಂದು ಹೇಳುವ ಅಧಿಕಾರ ಇದ್ದುದು ಇಗ್ನೇಷಿಯಸರಿಗೆ ಮಾತ್ರ. ಅದೂ ವರ್ಷಗಳು ಕಳೆದ ಮೇಲೆ. ನೋವಿನಲ್ಲಿರುವವರ ಪಕ್ಕದಲ್ಲಿ ಕುಳಿತು, ಬೇಕಾದ ನೆರವು ನೀಡಿ, ಅವರೊಡನೆ ಪ್ರಾರ್ಥಿಸುವುದಷ್ಟೇ ನಮ್ಮ ಪಾಲಿನ ಕರ್ತವ್ಯ. ನಮ್ಮ ಮಕ್ಕಳನ್ನು ತಿದ್ದುವಾಗಲೂ, ನಮ್ಮ ಮಾತು ಅವರನ್ನು ನಿರಾಶೆಗೆ ಒಯ್ಯುತ್ತದೆಯೋ, ಊಟದ ಮೇಜಿಗೆ ಮರಳಿ ತರುತ್ತದೆಯೋ ಎಂದು ಕೇಳಿಕೊಳ್ಳೋಣ.

ಆದರೆ ನಮ್ಮ ನಮ್ಮ ಬಾಳಿನ ಬಗ್ಗೆ ನಾವು ಒಂದು ಕೆಲಸ ಮಾಡಬಹುದು. ರಾತ್ರಿ ಜಪಸರ ಮುಗಿದ ಮೇಲೆ ನಾಲ್ಕು ನಿಮಿಷ ಸುಮ್ಮನೆ ಕುಳಿತು, ಹತ್ತು ವರ್ಷ ಹಿಂದೆ ಮುಚ್ಚಿದ ಒಂದು ಬಾಗಿಲನ್ನು ನೆನೆಯೋಣ. ಅಂದು ಅತ್ತದ್ದನ್ನೂ ದೇವರ ಮೇಲೆ ಮುನಿದದ್ದನ್ನೂ ಮರೆಮಾಚುವುದು ಬೇಡ. ಅಲ್ಲಿಂದ ನಾವು ಯಾವ ದಾರಿ ಹಿಡಿದೆವು, ಯಾರು ಜೊತೆಗೆ ಬಂದರು, ನಮ್ಮಲ್ಲಿ ಯಾವ ಗರ್ವ ಮುರಿಯಿತು ಎಂದು ನೋಡೋಣ. ಏನಾದರೂ ಕಂಡರೆ ದೇವರಿಗೆ ವಂದನೆ ಹೇಳೋಣ. ಇನ್ನೂ ಏನೂ ಕಾಣದಿದ್ದರೆ, ಕಾಣುವ ತನಕ ನಮ್ಮ ಕೈ ಬಿಡಬೇಡಿರೆಂದು ಬೇಡಿಕೊಳ್ಳೋಣ. ಲೊಯೋಲಾದ ಹಾಸಿಗೆಯ ಮೇಲೆ ಬೂಟಿನ ಚಿಂತೆಯಲ್ಲಿದ್ದ ರೋಗಿಗೂ ಅಂದು ಏನೂ ಕಂಡಿರಲಿಲ್ಲ.